ಅತ್ತೆಗೆ ಉಳಿದಿದ್ದ ಒಂದು ಪೇಪರು

ನನ್ನ ಅಕ್ಷರ ಚೆನ್ನಾಗಿಲ್ಲ, ಓದುವವರು ಕ್ಷಮಿಸಬೇಕು. ಸಾಲು ನೆಟ್ಟಗಿರಲೆಂದು ಹಾಳೆಯ ಕೆಳಗೆ ಗೆರೆ ಎಳೆದ ಕಾಗದವಿಟ್ಟುಕೊಂಡು ಬರೆಯುತ್ತಿದ್ದೇನೆ. ಆದರೂ ಬಲಗಡೆಗೆ ಹೋಗುತ್ತ ಹೋಗುತ್ತ ಸಾಲು ಮೇಲಕ್ಕೇರುತ್ತದೆ. ಮಾತೂ ಹಾಗೆಯೇ. ಒಂಬತ್ತನೇ ತರಗತಿಯ ನಡುವೆ ಶಾಲೆ ಬಿಟ್ಟವಳಿಗೆ ಎಷ್ಟು ಮಾತು ಗೊತ್ತಿರುತ್ತದೋ ಅಷ್ಟೇ ನನಗೂ ಗೊತ್ತಿರುವುದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ಶಿಡ್ಲಘಟ್ಟದ ವಾಚನಾಲಯದವರು ತಮ್ಮ ಕೈಬರಹದ ಸಂಚಿಕೆಗೆ, ನಿಮಗೆ ಗೊತ್ತಿರುವ ಸಾಮಾನ್ಯರೊಬ್ಬರ ಬಗ್ಗೆ ಬರೆದುಕೊಡಿ ಎಂದು ಕೇಳಿದ್ದಾರೆ. ನನಗೆ ಗೊತ್ತಿರುವವರು ಬಹಳ ಕಡಿಮೆ. ಮನೆಗೆ ಯಾರಾದರೂ ಬಂದರೆ ನಾನು ಎದ್ದು ರೇಷ್ಮೆ ಹುಳುವಿನ ಕೋಣೆಗೆ ಹೋಗಿಬಿಡುತ್ತೇನೆ. ಹುಳು ಇರುವಾಗ ಹೊರಗಿನವರನ್ನು ಆ ಕೋಣೆಗೆ ಬಿಡುವುದಿಲ್ಲವಾದ್ದರಿಂದ ಅಲ್ಲಿ ಯಾರೂ ನನ್ನನ್ನು ಮಾತಾಡಿಸುವುದಿಲ್ಲ. ಹಾಗಾಗಿ ನಮ್ಮ ಅತ್ತೆಯ ಬಗ್ಗೆಯೇ ಬರೆಯುತ್ತೇನೆ. ಬರೆಯಲೇ ಎಂದು ಅವರನ್ನು ಕೇಳಿದೆ. "ಬರಿ. ಹೊಗಳೋದು ಮಾತ್ರ ಬೇಡ" ಎಂದರು.

ಅತ್ತೆಯ ಹೆಸರು ರಾಮಲಕ್ಷ್ಮಮ್ಮ. ನನ್ನ ತಂದೆ ಮುನಿವೆಂಕಟಪ್ಪನವರ ತಂಗಿ. ಹದಿನೈದು ತುಂಬುವ ಮೊದಲೇ ಚಿಂತಾಮಣಿಯ ಕಡೆಗೆ ಮದುವೆ ಮಾಡಿಕೊಟ್ಟಿದ್ದರು. ಆ ಮನೆಯಲ್ಲಿ ಅವರು ಒಂದು ಯುಗಾದಿಯನ್ನೂ ಕಾಣಲಿಲ್ಲ. ಗಂಡ ವಿಷಮಶೀತ ಜ್ವರದಲ್ಲಿ ತೀರಿಕೊಂಡರು. ತಾತ ವೆಂಕಟರಾಮಪ್ಪನವರು ಗಾಡಿ ಕಟ್ಟಿಕೊಂಡು ಹೋಗಿ ಮಗಳನ್ನು ಕರೆತಂದರು. ಸ್ವಲ್ಪ ದಿನವಾದ ಮೇಲೆ ಅವರನ್ನು ಮತ್ತೆ ಶಾಲೆಗೆ ಸೇರಿಸಿದರು. ಇದೇನು ಹೊಸದು ಎಂದು ಊರಿನವರು ಕೇಳಿದ್ದಕ್ಕೆ ತಾತ, "ಮನೇಲಿ ಕೂತು ಅಳೋ ಬದ್ಲು ಸ್ಕೂಲಲ್ಲಿ ಕೂತು ಅಳ್ಲಿ ಬಿಡ್ರಪ್ಪ" ಎಂದರಂತೆ. ನಾನು ಹುಟ್ಟುವುದಕ್ಕೂ ಹಿಂದಿನ ಮಾತು ಇದು. ತಾತ ಈಗಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಅತ್ತೆ ಹಿಂದಿರುಗಿ ಬಂದ ವರ್ಷ ಸುತ್ತಮುತ್ತಲ ಹಳ್ಳಿಗಳಲ್ಲೆಲ್ಲ ಹುಳುಗಳಿಗೆ ಸುಣ್ಣಕಟ್ಟು ರೋಗ ಬಂತಂತೆ. ಹುಳು ಬೆಳ್ಳಗೆ ಸುಣ್ಣದ ಕಡ್ಡಿಯ ಹಾಗೆ ಗಟ್ಟಿಯಾಗಿ ಸಾಯುವ ರೋಗ ಅದು. ನಮ್ಮ ಮನೆಯಲ್ಲಿ ಮಾತ್ರ ಬೆಳೆ ಬಂತು. ಆ ಸಲ ಮೊಟ್ಟೆಯಿಂದ ಹೊರಟ ಮರಿಗಳನ್ನು ಕೋಳಿ ಗರಿಯಿಂದ ತಟ್ಟೆಗೆ ಸವರಿ ಬಿಟ್ಟವರು ಅತ್ತೆ. ಮನೆಯಲ್ಲಿ ಬೇರೆ ಯಾರಿಗೂ ಪುರುಸೊತ್ತಿರಲಿಲ್ಲ, ಅಷ್ಟೆ. ಆದರೆ ನಮ್ಮ ಅಜ್ಜಿ ಅಕ್ಕಯ್ಯಮ್ಮನವರು ಅದನ್ನು ಕೈಗುಣ ಎಂದರು. ಅಲ್ಲಿಂದ ಮುಂದೆ ಪ್ರತಿ ಬೆಳೆಯಲ್ಲೂ ಮರಿ ಬಿಡುವುದು ಅತ್ತೆಯ ಕೈಯಿಂದಲೇ ಆಗಬೇಕು. ಹುಳು ಬೆಳೆದು ಹಣ್ಣಾದಾಗ, ಅಂದರೆ ಸೊಪ್ಪು ತಿನ್ನುವುದನ್ನು ಬಿಟ್ಟು ಗೂಡು ಕಟ್ಟಲು ತಯಾರಾದಾಗ, ಅವನ್ನು ಆರಿಸಿ ಬಿದಿರಿನ ಸುತ್ತುಗಳಿರುವ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಹಾಕುತ್ತಾರೆ. ಆ ಮೊದಲ ಹುಳುವನ್ನು ಹಾಕುವುದೂ ಅತ್ತೆಯೇ ಆಗಬೇಕು.

ಗಂಡ ಸತ್ತವರನ್ನು ನಮ್ಮ ಕಡೆ ಶುಭಕಾರ್ಯಗಳಲ್ಲಿ ಹೇಗೆ ನೋಡುತ್ತಾರೆಂದು ಬರೆಯಬೇಕಾಗಿಲ್ಲ. ನನ್ನ ಚಿಕ್ಕಪ್ಪನ ಮದುವೆಯಲ್ಲಿ ಅತ್ತೆ ಒಲೆಯ ಹತ್ತಿರವೇ ಇದ್ದರು. ಹೊರಗೆ ಬಾ ಎಂದು ಯಾರೂ ಕರೆಯಲಿಲ್ಲ, ಅವರೂ ಬರಲಿಲ್ಲ. ಹುಳುವಿನ ಕೋಣೆಯಲ್ಲಿ ಮಾತ್ರ ಎಲ್ಲರೂ ದಾರಿ ಬಿಟ್ಟು, ಮುಂದೆ ಬಾಮ್ಮ, ನೀನೇ ಮೊದಲು ಹಾಕು ಎನ್ನುತ್ತಿದ್ದರು. ನಾನು ಚಿಕ್ಕವಳಿದ್ದಾಗ ಆ ದಿನ ಅತ್ತೆ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟು ಬರುತ್ತಿದ್ದದ್ದು ನೆನಪಿದೆ.

ಹೈಸ್ಕೂಲು ಮುಗಿಸಿ, ಪಿ.ಯು.ಸಿ. ಮುಗಿಸಿ, ಅತ್ತೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿ.ಎ.ಗೆ ಸೇರಿದರು. ಶಿಡ್ಲಘಟ್ಟದಿಂದ ಚಿಕ್ಕಬಳ್ಳಾಪುರದ ಮೇಲೆ ಹೋಗುವ ಚಿಕ್ಕ ರೈಲಿನಲ್ಲಿ ಹೋಗಿ ಹಾಸ್ಟೆಲಿನಲ್ಲಿ ಇರುತ್ತಿದ್ದರು. ಬೆಳೆಯ ಹೊತ್ತಿಗೆ ಅಪ್ಪ ಕಾರ್ಡು ಬರೆದರೆ ರಜ ಹಾಕಿ ಬರುತ್ತಿದ್ದರು. ಕನ್ನಡ, ಚರಿತ್ರೆ, ಸಮಾಜಶಾಸ್ತ್ರ ಅವರು ತಾವೇ ಆರಿಸಿಕೊಂಡ ವಿಷಯಗಳು. ಅವುಗಳಲ್ಲಿ ತೊಂದರೆ ಇರಲಿಲ್ಲ. ತೊಂದರೆ ಇದ್ದದ್ದು ಸಾಮಾನ್ಯ ಶಿಕ್ಷಣ ಎನ್ನುವ ಪೇಪರಿನಲ್ಲಿ.

ಇದನ್ನು ಅತ್ತೆ ನನಗೆ ವಿವರಿಸಿದ ಹಾಗೆ ಬರೆಯುತ್ತೇನೆ. ಡಿಗ್ರಿ ತೆಗೆದುಕೊಳ್ಳುವವರಿಗೆ ತಮ್ಮ ವಿಷಯ ಒಂದೇ ಗೊತ್ತಿದ್ದರೆ ಸಾಲದು, ಪ್ರಪಂಚದ ಇತರ ತಿಳಿವಳಿಕೆಯೂ ಬೇಕು ಎಂದು ದೊಡ್ಡವರು ಯೋಚಿಸಿ ಅದನ್ನು ಇಟ್ಟಿದ್ದರಂತೆ. ವಿಜ್ಞಾನ ಓದುವವರು ಸ್ವಲ್ಪ ಚರಿತ್ರೆ, ಸಾಹಿತ್ಯ ಓದಬೇಕು. ಅತ್ತೆಯಂಥವರು ಸ್ವಲ್ಪ ವಿಜ್ಞಾನ ಓದಬೇಕು. ಬೆಳಕು, ಶಾಖ, ವಿದ್ಯುತ್ತು, ರಕ್ತದ ಓಟ, ಗ್ರಹಗಳು, ಹೀಗೆ. ಎಲ್ಲರಿಗೂ ಕಡ್ಡಾಯ. ಅದರಲ್ಲಿ ಪಾಸಾಗದಿದ್ದರೆ ಉಳಿದದ್ದೆಲ್ಲ ಪಾಸಾದರೂ ಡಿಗ್ರಿ ಇಲ್ಲ. ಅತ್ತೆ ಅದನ್ನು ತಪ್ಪು ಎನ್ನುವುದಿಲ್ಲ. "ಯೋಚ್ನೆ ಒಳ್ಳೇದೇ ಅಮ್ಮಾಜಿ. ಆದ್ರೆ ನಮ್ಮ ಸ್ಕೂಲಲ್ಲಿ ವಿಜ್ಞಾನಕ್ಕೆ ಮೇಷ್ಟ್ರೇ ಇರ್ಲಿಲ್ಲ. ಆ ಪೀರಿಯಡ್ನಲ್ಲಿ ನಮ್ಮ ಕೈಲಿ ಕಸೂತಿ ಹಾಕಿಸ್ತಿದ್ರು" ಎಂದಿದ್ದರು.

ಕಾಲೇಜಿನಲ್ಲಿ ಆ ಪಾಠ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ದೊಡ್ಡ ಹಾಲಿನಲ್ಲಿ ಎಲ್ಲ ತರಗತಿಯವರನ್ನೂ ಕೂರಿಸಿ ಒಬ್ಬರೇ ಹೇಳುತ್ತಿದ್ದರಂತೆ. ಅಧ್ಯಾಪಕರು ಮೇಜಿನ ಮೇಲೆ ಏನೋ ಮಾಡಿ ತೋರಿಸಿದರೆ ಮುಂದಿನ ಬೆಂಚಿನವರು ನಗುತ್ತಿದ್ದರು ಅಥವಾ ಓ ಎನ್ನುತ್ತಿದ್ದರು. ಹಿಂದಿನ ಬೆಂಚಿನಲ್ಲಿದ್ದ ಅತ್ತೆಗೆ ಅವರ ಬೆನ್ನುಗಳು ಮಾತ್ರ ಕಾಣುತ್ತಿದ್ದವು. ಪುಸ್ತಕವನ್ನು ಬಾಯಿಪಾಠ ಮಾಡಿದರು. ಪರೀಕ್ಷೆಯಲ್ಲಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ಕೇಳಿದ್ದರಿಂದ ಯಾವ ಉತ್ತರ ಎಲ್ಲಿಗೆ ಎಂದು ತಿಳಿಯಲಿಲ್ಲ. ಉಳಿದ ಎಲ್ಲದರಲ್ಲೂ ಪಾಸಾಗಿ ಅದೊಂದರಲ್ಲಿ ಹೋಯಿತು. ಮುಂದಿನ ಸಲ ಕಟ್ಟಿದರು, ಮತ್ತೆ ಹೋಯಿತು.

ಊರಿಗೆ ಬಂದ ಮೇಲೆ ದಾರಿಯಲ್ಲಿ ಸಿಕ್ಕವರೆಲ್ಲ ಕೇಳುತ್ತಿದ್ದರು, ಬಿ.ಎ. ಆಯ್ತೇನಮ್ಮ ಎಂದು. ಅತ್ತೆ ನಿಂತು, ಒಂದು ಪೇಪರ್ ಉಳ್ಕೊಂಡಿದೆ ಎಂದು ಉತ್ತರ ಹೇಳುತ್ತಿದ್ದರು. ಪ್ರತಿಯೊಬ್ಬರಿಗೂ ನಿಂತೇ ಹೇಳುತ್ತಿದ್ದರು. ಬಸ್ ಸ್ಟಾಂಡಿನ ಹತ್ತಿರ ಹೋಟೆಲು ಇಟ್ಟಿರುವ ಗಂಗುಲಪ್ಪನವರು ಒಂದು ದಿನ ನಮ್ಮ ಅಪ್ಪನಿಗೆ, "ಏನಪ್ಪ ಮುನಿವೆಂಕಟಪ್ಪ, ನಿನ್ನ ತಂಗಿ ಪೇಪರು ಇನ್ನೂ ಹಣ್ಣಾಗ್ಲಿಲ್ವಾ? ಸೊಪ್ಪು ಕಮ್ಮಿ ಹಾಕ್ದೆ ಅಂತ ಕಾಣ್ತದೆ" ಎಂದರಂತೆ. ಅಪ್ಪ ನಕ್ಕು ಕಾಫಿ ಕುಡಿದು ಬಂದರು. ಮನೆಗೆ ಬಂದು ಅದನ್ನು ಅಮ್ಮನಿಗೆ ಹೇಳುವಾಗ ಅಪ್ಪ ನಗಲಿಲ್ಲ.

ಆಮೇಲೆ ಶಿಡ್ಲಘಟ್ಟದಲ್ಲಿ ಒಂದು ಕಮಿಟಿಯವರು ಹೆಣ್ಣುಮಕ್ಕಳ ಹೈಸ್ಕೂಲು ತೆರೆದರು. ಕಲಿಸುವ ಹೆಂಗಸರು ಸಿಗುವುದು ಕಷ್ಟವಾಗಿತ್ತು. ಮುಖ್ಯೋಪಾಧ್ಯಾಯಿನಿ ಶ್ಯಾಮಲಮ್ಮನವರು ಅತ್ತೆಯನ್ನು ಹಂಗಾಮಿಯಾಗಿ ತೆಗೆದುಕೊಂಡರು. ಅತ್ತೆ ಚರಿತ್ರೆ ಮತ್ತು ಕನ್ನಡ ಕಲಿಸತೊಡಗಿದರು. ನಾನೂ ಅಲ್ಲಿಯೇ ಓದುತ್ತಿದ್ದೆ. ತರಗತಿಯಲ್ಲಿ ಅವರು ನನ್ನನ್ನು ಏನೂ ಕೇಳುತ್ತಿರಲಿಲ್ಲ. ಕೇಳಿದರೆ ಎದ್ದು ನಿಂತು ಬೆವರುತ್ತೇನೆಂದು ಅವರಿಗೆ ಗೊತ್ತಿತ್ತು. ನಮ್ಮ ಅಮ್ಮನಿಗೆ ಬೆನ್ನು ನೋವು ಬಂದು ಬಗ್ಗಲಾಗದೆ ಹೋದಾಗ ಸೊಪ್ಪು ಹೆಚ್ಚುವುದಕ್ಕೆ, ತಟ್ಟೆ ಬದಲಾಯಿಸುವುದಕ್ಕೆ ಜನ ಬೇಕಾಯಿತು. ನಾನು ಶಾಲೆ ಬಿಟ್ಟೆ. ಬಿಡು ಎಂದು ಯಾರೂ ಗಟ್ಟಿಯಾಗಿ ಹೇಳಲಿಲ್ಲ. ಹೋಗು ಎಂದೂ ಹೇಳಲಿಲ್ಲ. ಅತ್ತೆ ಒಂದೆರಡು ಸಲ ಅಪ್ಪನ ಹತ್ತಿರ ಮಾತಾಡಿದರು. ಆಮೇಲೆ ಅವರೂ ಸುಮ್ಮನಾದರು. ಅವರಿಗೆ ಆಗ ತಮ್ಮದೇ ಸಾಕಾಗಿತ್ತು.

ಅತ್ತೆಯ ದಿನ ಹೀಗಿತ್ತು. ಬೆಳಕು ಹರಿಯುವ ಮೊದಲು ತೋಟಕ್ಕೆ ಹೋಗಿ ಹಿಪ್ಪುನೇರಳೆ ಸೊಪ್ಪು ಕುಯ್ದು ತರುವುದು, ಹುಳುವಿಗೆ ಹಾಕುವುದು, ಶಾಲೆಗೆ ನಡೆದು ಹೋಗುವುದು. ಸಂಜೆ ಬಂದು ಮತ್ತೆ ಹುಳು. ಆಮೇಲೆ ಲಾಂದ್ರದ ಮುಂದೆ ಆ ವಿಜ್ಞಾನದ ಪುಸ್ತಕ. ನಾನು ಪಕ್ಕದಲ್ಲಿ ಸೊಪ್ಪು ಹೆಚ್ಚುತ್ತಿದ್ದರೆ ಅವರು ಓದಿದ್ದನ್ನು ಕನ್ನಡದಲ್ಲಿ ನನಗೆ ಹೇಳುತ್ತಿದ್ದರು. ನನಗೆ ತಿಳಿದರೆ ತಮಗೆ ತಿಳಿದ ಹಾಗೆ ಎಂದುಕೊಂಡಿದ್ದರು. ಎಷ್ಟೋ ಸಲ ವಾಕ್ಯದ ನಡುವೆಯೇ ಅವರ ತಲೆ ವಾಲಿಬಿಡುತ್ತಿತ್ತು. ಆಗ ನಾನು ಮಚ್ಚಿನ ಸದ್ದು ನಿಲ್ಲಿಸುತ್ತಿದ್ದೆ. ಸದ್ದು ನಿಂತರೆ ಎಚ್ಚರವಾಗಿ, "ಎಲ್ಲಿದ್ದೆ?" ಎಂದು ಕೇಳುತ್ತಿದ್ದರು.

ಭಾನುವಾರಗಳಲ್ಲಿ ಚಿಕ್ಕಬಳ್ಳಾಪುರಕ್ಕೆ ಹೋಗಿ ಬರುತ್ತಿದ್ದರು. ಅಲ್ಲಿ ವಿಜ್ಞಾನ ಕಲಿಸುವ ನಲ್ಲಪ್ಪ ಎನ್ನುವ ವಯಸ್ಸಾದ ಮೇಷ್ಟ್ರು ಇದ್ದರು. ಅವರು ಶಾಲೆಯ ಬೀರು ತೆಗೆದು ಒಂದೊಂದೇ ಸಾಮಾನನ್ನು ಅತ್ತೆಯ ಕೈಗೆ ಕೊಡುತ್ತಿದ್ದರಂತೆ. ಅತ್ತೆ ಜೀವನದಲ್ಲಿ ಮೊದಲ ಸಲ ಅಯಸ್ಕಾಂತ ಮುಟ್ಟಿದ್ದು ಅಲ್ಲಿ. ಮುಮ್ಮೂಲೆಯ ಗಾಜಿನ ಕಡ್ಡಿಯನ್ನು ಕಿಟಕಿಯ ಬಿಸಿಲಿಗೆ ಹಿಡಿದಾಗ ಗೋಡೆಯ ಮೇಲೆ ಬಣ್ಣ ಬಿದ್ದದ್ದನ್ನು ಬಂದು ನನಗೆ ಹೇಳಿದರು. "ನಾನು ಅದನ್ನ ನಾಲ್ಕು ವರ್ಷ ಬಾಯಿಪಾಠ ಮಾಡಿದ್ದೆ ಕಣೇ. ನೋಡಿದ್ಮೇಲೆ ಬಾಯಿಪಾಠ ಬೇಕಿರಲಿಲ್ಲ" ಎಂದರು. ಅದನ್ನು ಹೇಳುವಾಗ ಅವರ ಮುಖದಲ್ಲಿ ಸಂತೋಷಕ್ಕಿಂತ ಆಯಾಸವೇ ಹೆಚ್ಚಾಗಿತ್ತು.

ಅರವತ್ತೈದನೇ ಇಸವಿಯಲ್ಲಿ ಅವರು ಚೆನ್ನಾಗಿ ತಯಾರಾಗಿದ್ದರು. ಆದರೆ ಪರೀಕ್ಷೆಗೆ ಹೊರಡಬೇಕಾದ ದಿನ ಹುಳು ಹಣ್ಣಾಗಲು ಶುರುವಾದವು. ಹಣ್ಣಾದ ಹುಳು ಕಾಯುವುದಿಲ್ಲ. ಚಂದ್ರಿಕೆಗೆ ಹಾಕುವುದು ತಡವಾದರೆ ತಟ್ಟೆಯಲ್ಲೇ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ಬೆಳೆ ಹಾಳಾಗುತ್ತದೆ. ಮೊದಲನೆಯದನ್ನು ಹಾಕಿ ಹೋದರೆ ಸಾಕಿತ್ತು. ಆದರೆ ಆಗ ಅಪ್ಪನಿಗೂ ಜ್ವರ, ಕೈಗಳು ಸಾಲದು. ಅತ್ತೆ ಮೊದಲನೆಯದನ್ನು ಹಾಕಿದರು, ಎರಡನೆಯದನ್ನು ಹಾಕಿದರು, ಹಾಗೇ ಕೂತುಬಿಟ್ಟರು. ರೈಲಿನ ಸಿಳ್ಳೆ ನಮ್ಮ ಮನೆಗೆ ಕೇಳಿಸುತ್ತದೆ. ಕೇಳಿಸಿದಾಗ ಅವರು ತಲೆ ಎತ್ತಲಿಲ್ಲ. ಆ ಸಲ ಗೂಡು ಬಹಳ ಚೆನ್ನಾಗಿ ಬಂತು. ಗೂಡು ಕೊಳ್ಳುವ ಬಷೀರ್ ಅಹಮದ್ ಸಾಹೇಬರು ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಟೀಚರಮ್ಮನ ಕೈ ಎಂದರೆ ಕೈ ಎಂದರು. ಅತ್ತೆ ಒಳಗೆ ಹೋದರು.

ಅದರ ಮುಂದಿನ ವರ್ಷ ಶ್ಯಾಮಲಮ್ಮನವರು ಅವರನ್ನು ಕೋಣೆಗೆ ಕರೆದು ಎರಡು ವಿಷಯ ಹೇಳಿದರು. ವರ್ಷದ ಕೊನೆಯೊಳಗೆ ಡಿಗ್ರಿ ಇದ್ದರೆ ಮಾತ್ರ ಕಮಿಟಿಯವರು ಕೆಲಸ ಖಾಯಂ ಮಾಡುತ್ತಾರೆ, ಇಲ್ಲವಾದರೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆ. ಎರಡನೆಯದು, ವಿಶ್ವವಿದ್ಯಾನಿಲಯದಲ್ಲಿ ಪಾಠಪಟ್ಟಿ ಬದಲಾಗುತ್ತಿದೆ, ಹಳೆಯ ಪಟ್ಟಿಯಲ್ಲಿ ಓದಿದವರಿಗೆ ಬರುವ ಸೆಪ್ಟೆಂಬರೇ ಕೊನೆಯ ಪರೀಕ್ಷೆ. ತಪ್ಪಿದರೆ ಎಲ್ಲವನ್ನೂ ಮೊದಲಿನಿಂದ ಓದಬೇಕು. ಅತ್ತೆ ಮನೆಗೆ ಬಂದು ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಯೋಚಿಸಿದರು. ಕಳೆದ ವರ್ಷದ್ದು ಅವರ ಮನಸ್ಸಿನಲ್ಲಿ ಚುಚ್ಚುತ್ತಿತ್ತು. ಈ ಸಲ ಮೊಟ್ಟೆ ಬೇಗ ತರಿಸುತ್ತೇನೆ, ಪರೀಕ್ಷೆಗೆ ಒಂದು ವಾರ ಇರುವಾಗಲೇ ಗೂಡು ಬಿಡಿಸಿರುತ್ತೇವೆ, ನೀನು ನಿಶ್ಚಿಂತೆಯಾಗಿ ಹೋಗು ಎಂದರು. ಹಾಗೆಯೇ ಬೇಗ ತರಿಸಿದರು. ಮರಿಗಳನ್ನು ಅತ್ತೆಯೇ ತಟ್ಟೆಗೆ ಬಿಟ್ಟರು.

ಅಪ್ಪ ಲೆಕ್ಕ ಹಾಕಿದ್ದು ಬಿಸಿಲಿನ ದಿನಗಳ ಲೆಕ್ಕ. ಆ ಸಲ ಮೋಡ ಮುಚ್ಚಿಕೊಂಡು ಜಿಟಿಜಿಟಿ ಮಳೆ ಹಿಡಿಯಿತು. ತಂಪಿಗೆ ಹುಳು ಮಂಕಾಗುತ್ತವೆ, ಸೊಪ್ಪು ತಿನ್ನುವುದು ಕಡಿಮೆಯಾಗುತ್ತದೆ, ಬೆಳೆಯುವುದು ತಡವಾಗುತ್ತದೆ. ಕೋಣೆಯಲ್ಲಿ ಕೆಂಡದ ಮಡಕೆ ಇಟ್ಟೆವು. ಆದರೂ ದಿನಗಳು ಮುಂದಕ್ಕೆ ಹೋದವು. ಅತ್ತೆ ಹೊರಡುವ ದಿನ ಬಂದಾಗ ಹುಳು ಹಣ್ಣಾಗುವುದಕ್ಕೆ ಇನ್ನೂ ಒಂದು ದಿನ ಬೇಕಿತ್ತು. ಬೇಗ ತರಿಸಿದ್ದರಿಂದಲೇ ಸರಿಯಾಗಿ ಪರೀಕ್ಷೆಯ ಹೊತ್ತಿಗೇ ಬಂದು ಕೂತಿತು.

ಬೆಳಿಗ್ಗೆಯಿಂದಲೇ ಅತ್ತೆಯ ಬಟ್ಟೆಯ ಚೀಲ ಬಾಗಿಲ ಹತ್ತಿರ ಇತ್ತು. ಅಜ್ಜಿ ಹುಳುವಿನ ಕೋಣೆಯ ಹೊಸ್ತಿಲ ಮೇಲೆ ಕೂತಿದ್ದರು. ಅವರು ಹೋಗಬೇಡ ಎನ್ನಲಿಲ್ಲ. ಕಳೆದ ವರ್ಷವೂ ಎಂದಿರಲಿಲ್ಲ. ಹೊಸ್ತಿಲ ಮೇಲೆ ಕೂತಿದ್ದರು, ಅಷ್ಟೆ.

ಊಟವಾದ ಮೇಲೆ ಅಜ್ಜಿ ಹೇಳಿದರು. "ಒಂದೇ ಒಂದು ಹುಳ ಲಕ್ಷ್ಮಮ್ಮ. ಒಂದನ್ನ ನಿನ್ನ ಕೈಲಿ ಚಂದ್ರಿಕೆಗೆ ಬಿಟ್ಟು ಹೋಗು. ಮಿಕ್ಕಿದ್ದು ನಾವು ನೋಡ್ಕೊಂತೀವಿ."

"ಒಂದೂ ಹಣ್ಣಾಗಿಲ್ವಲ್ಲಮ್ಮ" ಎಂದರು ಅತ್ತೆ.

"ಇಷ್ಟರಾಗೆ ಒಂದಾದ್ರೂ ಆಗಿರಲ್ವಾ? ಹುಡುಕ್ರಿ."

ಹುಡುಕಿದೆವು. ಅತ್ತೆ, ಅಪ್ಪ, ನಾನು. ಒಂದೊಂದೇ ತಟ್ಟೆಯನ್ನು ಅಟ್ಟಣೆಯಿಂದ ಇಳಿಸಿ ಕಿಟಕಿಯ ಹತ್ತಿರ ತಂದು ನೋಡಿ ಮತ್ತೆ ಏರಿಸುವುದು. ಹಣ್ಣಾದ ಹುಳು ಸ್ವಲ್ಪ ಕುಗ್ಗಿರುತ್ತದೆ, ಬೆಳಕಿಗೆ ಹಿಡಿದರೆ ಮೈಯೊಳಗೆ ದ್ರಾಕ್ಷಿಯ ಹಾಗೆ ತಿಳಿಯಾಗಿ ಕಾಣುತ್ತದೆ, ತಲೆ ಎತ್ತಿಕೊಂಡು ಅತ್ತಿತ್ತ ಆಡಿಸುತ್ತದೆ. ನಮ್ಮ ಹುಳುಗಳೆಲ್ಲ ತಲೆ ತಗ್ಗಿಸಿ ಸೊಪ್ಪು ತಿನ್ನುತ್ತಿದ್ದವು. ಆ ಸದ್ದು ಮಳೆಯ ಸದ್ದಿನ ಹಾಗಿರುತ್ತದೆ. ಹೊರಗೂ ಮಳೆ ಬರುತ್ತಿದ್ದುದರಿಂದ ಯಾವುದು ಯಾವುದೆಂದು ತಿಳಿಯುತ್ತಿರಲಿಲ್ಲ.

ಅಪ್ಪ ಬೆನ್ನು ನೆಟ್ಟಗೆ ಮಾಡಿಕೊಂಡು, "ನಂಗೆ ಹೆಣ್ಣು ಹುಡ್ಕೋವಾಗ ಇಷ್ಟು ಕಷ್ಟ ಪಡ್ಲಿಲ್ಲ ಕಣಮ್ಮ ನೀನು" ಎಂದರು ಅಜ್ಜಿಗೆ.

"ಅದ್ಕೇ ನಾನು ಸಿಕ್ಕಿದ್ದು" ಎಂದು ಅಡುಗೆ ಮನೆಯಿಂದ ಅಮ್ಮ ಹೇಳಿದರು. ಅತ್ತೆ ಸ್ವಲ್ಪ ನಕ್ಕರು. ಆ ದಿನ ಅವರು ನಕ್ಕದ್ದು ಅದೊಂದೇ ಸಲ.

ಅರ್ಧ ತಟ್ಟೆಗಳೂ ಮುಗಿದಿರಲಿಲ್ಲ, ಸ್ಟೇಷನ್ನಿನ ಕಡೆಯಿಂದ ಸಿಳ್ಳೆ ಕೇಳಿಸಿತು. ರೈಲು ಬಂದು ಸ್ವಲ್ಪ ಹೊತ್ತು ನಿಲ್ಲುತ್ತದೆ. ಓಡಿದರೆ ಸಿಗುತ್ತದೆ. ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟು ಅದರ ಮುಂದೆ ಕೂತರು. ಕಳೆದ ವರ್ಷವೂ ಅವರು ಹೀಗೆಯೇ ಕೂತದ್ದು. ನನಗೆ ಆಗ ಎಲ್ಲವೂ ಮುಗಿದ ಹಾಗೆ ಅನಿಸಿತು.

ಆಗ ಅಪ್ಪ ಕಿಟಕಿಯ ಹತ್ತಿರದಿಂದ, "ಸಿಕ್ತು" ಎಂದರು. ಎರಡು ಬೆರಳಲ್ಲಿ ಒಂದು ಹುಳು ಹಿಡಿದುಕೊಂಡು ಬಂದರು. ನಾನು ನೋಡಿದೆ. ಅದು ಹಣ್ಣಾಗಿರಲಿಲ್ಲ. ಅದರ ಬಾಯಿಯ ಹತ್ತಿರ ಸೊಪ್ಪಿನ ಚೂರು ಇನ್ನೂ ಅಂಟಿತ್ತು. ಅಪ್ಪ ನನ್ನ ಮುಖ ನೋಡಲಿಲ್ಲ. ಅಜ್ಜಿಯ ಎರಡು ಕಣ್ಣಿಗೂ ಪೊರೆ ಬಂದಿದೆ, ಹತ್ತಿರದ್ದೂ ಮಸುಕು ಮಸುಕು. ಅಪ್ಪ ಅದನ್ನೇ ನಂಬಿಕೊಂಡಿದ್ದರು ಅಂತ ಕಾಣುತ್ತದೆ.

"ಇಲ್ಲಿ ಕೊಡು" ಎಂದು ಅಜ್ಜಿ ಅಂಗೈ ಚಾಚಿದರು. ಅಪ್ಪ ಹುಳುವನ್ನು ಅದರ ಮೇಲೆ ಇಟ್ಟರು. ಅಜ್ಜಿ ಹೆಬ್ಬೆರಳಿನಿಂದ ಅದರ ಮೈಯನ್ನು ತಲೆಯಿಂದ ಬಾಲದವರೆಗೆ ಮೆಲ್ಲಗೆ ಸವರಿದರು. ಹಣ್ಣಾದ ಹುಳು ಮೆತ್ತಗಿರುತ್ತದೆ. ಹಣ್ಣಾಗದ್ದು ಬಿಗಿಯಾಗಿ ತಣ್ಣಗಿರುತ್ತದೆ. ಇದು ಕತ್ತಲಲ್ಲೂ ತಿಳಿಯುತ್ತದೆ, ನನಗೂ ತಿಳಿಯುತ್ತದೆ. ಅಜ್ಜಿ ಹುಟ್ಟಿದಾಗಿನಿಂದ ಹುಳುವಿನ ಮನೆಯಲ್ಲಿ ಇದ್ದವರು. ಅವರು ಸ್ವಲ್ಪ ಹೊತ್ತು ಹೆಬ್ಬೆರಳನ್ನು ಹಾಗೇ ಇಟ್ಟುಕೊಂಡಿದ್ದರು. ಹುಳು ಸೊಪ್ಪು ಸಿಗುತ್ತದೇನೋ ಎಂದು ಅವರ ಬೆರಳ ಸಂದಿಯಲ್ಲಿ ಹುಡುಕುತ್ತಿತ್ತು.

ಅಜ್ಜಿಗೆ ಬೇಸರವಾದಾಗಲೂ ಮನಸ್ಸು ಕರಗಿದಾಗಲೂ ತೆಲುಗು ಬರುತ್ತದೆ. "ಪೋನೀ" ಎಂದರು, ಹೋಗಲಿ ಬಿಡು ಎನ್ನುವ ಹಾಗೆ. ಆಮೇಲೆ, "ಹಣ್ಣಾಗಿದೆ. ಹಾಕಿ ಹೋಗಮ್ಮ, ರೈಲು ನಿಂಗೋಸ್ಕರ ನಿಲ್ಲಲ್ಲ" ಎಂದರು.

ಅತ್ತೆ ಎದ್ದು ಬಂದು ಹುಳುವನ್ನು ತೆಗೆದುಕೊಂಡರು. ಅವರ ಕೈಗೂ ಗೊತ್ತಾಗಿರಬೇಕು. ಒಂದು ಗಳಿಗೆ ಅಜ್ಜಿಯ ಮುಖ ನೋಡಿದರು. ಚಂದ್ರಿಕೆಯ ಬಿದಿರಿನ ಸುತ್ತಿನಲ್ಲಿ ಅದನ್ನು ಇಟ್ಟು, ಚೀಲ ತೆಗೆದುಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದುಕೊಂಡು ಮಳೆಯಲ್ಲಿ ಓಡಿದರು. ಅವರು ಓಡುವುದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ.

ಹುಳು ಚಂದ್ರಿಕೆಯ ಮೇಲೆ ನಿಲ್ಲಲಿಲ್ಲ, ಅಂಚಿಗೆ ಹರಿದು ಬಂದು ಕೆಳಗೆ ಬೀಳುವಂತಾಯಿತು. ಅದನ್ನು ಏನು ಮಾಡಬೇಕೆಂದು ತಿಳಿಯದೆ ನಾನು ನಿಂತಿದ್ದೆ. ಅಜ್ಜಿ ಆ ಕಡೆ ನೋಡದೆಯೇ ಹೇಳಿದರು.

"ತಟ್ಟೆಗೆ ಬಿಟ್ಟು ಸೊಪ್ಪು ಹಾಕಮ್ಮ ಅದಕ್ಕೆ. ಹಸ್ಕೊಂಡೈತೆ ಪಾಪ."

ಮಾರನೆಯ ದಿನ ಹುಳುಗಳು ನಿಜವಾಗಿ ಹಣ್ಣಾದವು. ಮೊದಲನೆಯದನ್ನು ಅಪ್ಪ ಹಾಕಿದರು. ಅಜ್ಜಿ ಆ ಹೊತ್ತಿನಲ್ಲಿ ಗೋಡೆಯ ಕಡೆ ತಿರುಗಿ ಕೂತು ಎಲೆ ಅಡಿಕೆ ಕುಟ್ಟಿಕೊಳ್ಳುತ್ತಿದ್ದರು. ನಾನು, ಅಪ್ಪ, ಬೆನ್ನಿಗೆ ಬಟ್ಟೆ ಬಿಗಿದುಕೊಂಡ ಅಮ್ಮ, ಮೂವರೂ ಆರಿಸಿ ಹಾಕಿ ಮುಗಿಸಿದೆವು.

ಅತ್ತೆ ವಾಪಸು ಬಂದಾಗ ಪರೀಕ್ಷೆ ಹೇಗಾಯಿತೆಂದು ಯಾರಿಗೂ ಕೇಳುವ ಧೈರ್ಯವಿರಲಿಲ್ಲ. ಅವರೇ ನನಗೆ ಹೇಳಿದರು. ಕಾಮನಬಿಲ್ಲಿನ ಬಗ್ಗೆ ಒಂದು ಪ್ರಶ್ನೆ ಬಂದಿತ್ತು, ನಲ್ಲಪ್ಪ ಮೇಷ್ಟ್ರ ಗೋಡೆಯ ಮೇಲೆ ಕಂಡದ್ದನ್ನು ನೆನೆಸಿಕೊಂಡು ಬರೆದರಂತೆ. ಉಳಿದದ್ದರಲ್ಲಿ ಕೆಲವು ಗೊತ್ತಿತ್ತು, ಕೆಲವು ಇಲ್ಲ. ಒಂದು ಪ್ರಶ್ನೆಯ ನಡುವೆ ನಿದ್ದೆ ಹತ್ತಿಬಿಟ್ಟಿತ್ತು, ಮೇಲ್ವಿಚಾರಕರು ಬೆಂಚು ತಟ್ಟಿ ಎಬ್ಬಿಸಿದರು. ಇಷ್ಟೇ ಅವರು ಹೇಳಿದ್ದು.

ಗೂಡು ಆ ಸಲ ಅಷ್ಟಕ್ಕಷ್ಟೆ ಬಂತು. ಹೊರಗೋಡೆಯ ಕಡೆಯ ಅಟ್ಟಣೆಯವು ತೆಳ್ಳಗಿದ್ದವು. ಬಷೀರ್ ಅಹಮದ್ ಸಾಹೇಬರು ಗೂಡನ್ನು ಅಲ್ಲಾಡಿಸಿ ನೋಡಿ, "ಏನಮ್ಮಾ, ಈ ಸಲ ಟೀಚರಮ್ಮನ ಕೈ ಬೀಳಲಿಲ್ವಾ?" ಎಂದು ಅಜ್ಜಿಯನ್ನು ಕೇಳಿದರು.

"ಅವಳದೇ ಕೈ. ಮೋಡ ಜಾಸ್ತಿ ಆಯ್ತಲ್ಲ ಸಾಹೇಬ್ರೆ" ಎಂದರು ಅಜ್ಜಿ.

ವರ್ಷ ಮುಗಿಯುವುದಕ್ಕೆ ಸ್ವಲ್ಪ ಮೊದಲು ಫಲಿತಾಂಶ ಬಂತು. ಅತ್ತೆ ಪಾಸಾಗಿದ್ದರು. ಪಾಸಿಗೆ ಬೇಕಾದಷ್ಟಕ್ಕೆ ಸರಿಯಾಗಿ ಅಂಕ ಬಂದಿತ್ತು, ಹೆಚ್ಚಿಗೆ ಏನೂ ಇರಲಿಲ್ಲ. ಅಪ್ಪ ಪೇಟೆಯಿಂದ ಓಡಿಬಂದು ಹೇಳಿದಾಗ ಅತ್ತೆ ಆಗ ತಾನೇ ಶಾಲೆಯಿಂದ ಬಂದು ಕಾಲು ತೊಳೆಯುತ್ತಿದ್ದರು. ಸರಿ ಎಂದರು. ಇನ್ನೊಂದು ಕಾಲನ್ನೂ ತೊಳೆದು ಒಳಗೆ ಬಂದು ಚಾಪೆಯ ಮೇಲೆ ಮಲಗಿದರು. ಅಮ್ಮ ಪಾಯಸ ಮಾಡಿ ಎಬ್ಬಿಸಿದರೂ ಏಳಲಿಲ್ಲ. ಬೆಳಿಗ್ಗೆ ತೋಟದಲ್ಲಿ ಸೊಪ್ಪು ಕುಯ್ಯುವಾಗ ನಾನು, ಅತ್ತೆ, ನಿಮಗೆ ಸಂತೋಷವಾಗಲಿಲ್ಲವೇ ಎಂದು ಕೇಳಿದೆ.

"ಆಗಿದೆ ಕಣೇ. ಆದ್ರೆ ಸಂತೋಷ ಪಡೋಕೂ ಸ್ವಲ್ಪ ತ್ರಾಣ ಬೇಕು" ಎಂದರು.

ಜನವರಿಯಲ್ಲಿ ಕೆಲಸ ಖಾಯಂ ಆಯಿತು. ಶಾಲೆಯ ಕೆಲಸ ಅದೇ, ನಡೆದು ಹೋಗುವ ದಾರಿಯೂ ಅದೇ. ದಾರಿಯಲ್ಲಿ ಯಾರೂ ಈಗ ನಿಲ್ಲಿಸಿ ಕೇಳುವುದಿಲ್ಲ. ಗಂಗುಲಪ್ಪನವರು ಮಾತ್ರ, ಎಂ.ಎ.ಗೆ ಎಷ್ಟು ವರ್ಷ ಹಿಡಿಯುತ್ತದೆ ಎಂದು ಅಪ್ಪನನ್ನು ವಿಚಾರಿಸಿದರಂತೆ. ಈ ಸಲ ಅಪ್ಪ ಮನೆಗೆ ಬಂದ ಮೇಲೂ ನಕ್ಕರು.

ಇಲ್ಲಿಗೇ ನಿಲ್ಲಿಸೋಣವೆಂದುಕೊಂಡಿದ್ದೆ. ಆದರೆ ಮೊನ್ನೆ ನಡೆದದ್ದನ್ನೂ ಬರೆಯದಿದ್ದರೆ ಅತ್ತೆಯ ಬಗ್ಗೆ ಬರೆದದ್ದು ಪೂರ್ತಿಯಾಗುವುದಿಲ್ಲ. ಹೊಸ ಬೆಳೆಗೆ ಮೊಟ್ಟೆ ಬರುವುದಿದೆ. ಅಜ್ಜಿ ನನ್ನನ್ನು ಹತ್ತಿರ ಕರೆದು ನನ್ನ ಬಲಗೈಯನ್ನು ತಮ್ಮ ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ಮುಟ್ಟಿ ನೋಡಿದರು. ಇನ್ನು ಮೇಲೆ ಲಕ್ಷ್ಮಮ್ಮನಿಗೆ ಶಾಲೆ ಇದೆ, ಈ ಸಲ ಮರಿಗಳನ್ನು ಅಮ್ಮಾಜಿ ಬಿಡಲಿ, ಇವಳ ಕೈಯೂ ತಣ್ಣಗಿದೆ, ಕೈಗುಣ ಇದೆ ಎಂದರು. ನನಗೆ ಒಳಗೊಳಗೇ ಹೆಮ್ಮೆಯಾಯಿತು. ನನ್ನನ್ನು ಯಾವುದಕ್ಕೂ ಹಾಗೆ ಕರೆದವರಿಲ್ಲ.

ಅತ್ತೆ ಅಲ್ಲಿಯೇ ಮಕ್ಕಳ ಪರೀಕ್ಷೆಯ ಕಾಗದಗಳನ್ನು ತಿದ್ದುತ್ತಿದ್ದರು. ಪೆನ್ನು ಕೆಳಗಿಟ್ಟರು.

"ಇವಳಿಗೆ ಅದನ್ನ ಕಟ್ಟಬೇಡಮ್ಮ" ಎಂದರು.

"ನಿಂಗೆ ಏನು ಕೆಟ್ಟದ್ದು ಮಾಡ್ತಮ್ಮ ಅದು?" ಅಜ್ಜಿ ಕೋಪದಿಂದಲ್ಲ, ತಿಳಿದುಕೊಳ್ಳಬೇಕೆಂದೇ ಕೇಳಿದರು.

ಅತ್ತೆ, "ಕೆಟ್ಟದ್ದು ಮಾಡ್ಲಿಲ್ಲ. ನಂಗೆ ಅಂತ ಇದ್ದ ಒಳ್ಳೇದು ಅದೊಂದೇ. ಅದಕ್ಕೇ ಬಿಟ್ಟು ಹೋಗೋಕೆ ಇಷ್ಟು ವರ್ಷ ಹಿಡೀತು" ಎಂದರು. ಆಮೇಲೆ ಮತ್ತೆ ಪೆನ್ನು ತೆಗೆದುಕೊಂಡರು.

ಅಜ್ಜಿ ನನ್ನ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದು ಬಿಟ್ಟರು. ಯಾರಾದ್ರೂ ಬಿಡ್ರಿ, ಹುಳಕ್ಕೆ ಸೊಪ್ಪು ಬಿದ್ರೆ ಸರಿ ಎಂದು ಗೊಣಗಿದರು. ಅವರಿಗೆ ಬೇಜಾರಾಗಿತ್ತು. ನನಗೂ ಸ್ವಲ್ಪ ಆಯಿತು, ಸುಳ್ಳು ಬರೆಯಬಾರದು. ರಾತ್ರಿ ಅತ್ತೆ ನನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿ ಧೂಳು ಒರೆಸಿ ನನ್ನ ಚಾಪೆಯ ಹತ್ತಿರ ಇಟ್ಟರು. ಲೆಕ್ಕದ ಪುಸ್ತಕದಲ್ಲಿ ನಾನು ನಿಲ್ಲಿಸಿದ್ದ ಪುಟಕ್ಕೆ ಒಂದು ಒಣಗಿದ ಸೊಪ್ಪಿನ ಎಲೆ ಸಿಕ್ಕಿಸಿದ್ದರು.

ಮೊಟ್ಟೆ ಗುರುವಾರ ಬರುತ್ತದೆ. ಮರಿಗಳನ್ನು ತಟ್ಟೆಗೆ ಬಿಡುವವರು ಅಪ್ಪ. ನಾನು ಎಳೆಯ ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಡುತ್ತೇನೆ. ಅದು ಮುಗಿದ ಮೇಲೆ ಆ ಪುಟದ ಲೆಕ್ಕ ಮಾಡುತ್ತೇನೆ.